ಕಾಲು ನೋಡುವ ರೆಫರಿ

ನೀಲಗಿರಿಯ ದೇವಾಲದಲ್ಲಿರುವ ನಮ್ಮ ಚಹಾ ಎಸ್ಟೇಟಿನ ಬಾಕ್ಸಿಂಗ್ ಮಾಸ್ಟರ್ ಹಳೆಯ ಕಪ್ಪು-ಬಿಳುಪು ಬಾಕ್ಸಿಂಗ್ ಸಿನಿಮಾಗಳ ಹುಚ್ಚರು. ಭಾನುವಾರ ಕ್ಲಬ್ಬಿನ ಟಿವಿ ಮುಂದೆ ನಮ್ಮನ್ನೆಲ್ಲ ಕೂರಿಸುತ್ತಿದ್ದರು. ನಾಯಕ ಲಂಚ ತಿಂದು ಬೇಕೆಂದೇ ಸೋಲುವ ದೃಶ್ಯ ಬಂದರೆ ರಿಮೋಟ್ ಒತ್ತಿ ನಿಲ್ಲಿಸಿ, "ಮುಖ ಬಿಡ್ರೋ, ಕಾಲು ನೋಡಿ" ಎನ್ನುತ್ತಿದ್ದರು. ಎಂಥ ನಟನಾದರೂ ಅವರ ಕೈಗೆ ಕಾಲಲ್ಲೇ ಸಿಕ್ಕಿಬೀಳುತ್ತಿದ್ದ.

ಗೂಡಲೂರಿನ ಪಂದ್ಯವೊಂದಕ್ಕೆ ಅವರೇ ರೆಫರಿ. ನಮ್ಮಲ್ಲಿ ಎಲೆ ಮೂಟೆ ಹೊರುತ್ತಿದ್ದ ಅವರದೇ ಶಿಷ್ಯ, ಸಂಘಟಕರ ಅಳಿಯನ ಎದುರು ಆಡುತ್ತಿದ್ದ. ಎರಡನೇ ಸುತ್ತಿನಲ್ಲಿ ಸಣ್ಣ ಗುದ್ದಿಗೇ ಶಿಷ್ಯ ಉರುಳಿದ.

ಚಹಾ ತೋಟದ ಇಳಿಜಾರಿನಲ್ಲಿ ಕಾಲು ಜಾರಿದರೆ ನಾವು ಗುಡ್ಡದ ಕಡೆಗೆ ವಾಲಿ ಕೂತುಬಿಡುತ್ತೇವೆ. ಇಲ್ಲದಿದ್ದರೆ ಮೂಟೆ ಸಮೇತ ಕೆಳಕ್ಕೆ. ಸಮತಟ್ಟಾದ ರಿಂಗಿನಲ್ಲಿ ಶಿಷ್ಯ ಬಿದ್ದದ್ದೂ ಹಾಗೆಯೇ, ಪಕ್ಕಕ್ಕೆ ವಾಲಿ, ಮೆಲ್ಲಗೆ. ಮಾಸ್ಟರ್ ಕೈಕಟ್ಟಿ ನಿಂತರು.

"ಎಣಿಸ್ರೀ!" ಎಂದು ಸಂಘಟಕರು ಕೂಗಿದರು.

"ಬಿದ್ರೆ ಎಣಿಸ್ತೀನಿ ಸಾರ್. ಇವನು ಕೂತಿದ್ದಾನೆ." ಆಮೇಲೆ ಬಗ್ಗಿ, "ಏಳಪ್ಪಾ" ಎಂದರು ಮೆತ್ತಗೆ.

ಶಿಷ್ಯ ತಲೆ ತಗ್ಗಿಸಿಕೊಂಡು ಎದ್ದ. ಎದ್ದ ಮೇಲೆ ಮೈಮೇಲೆ ದೇವರು ಬಂದವನಂತೆ ಕಾದಾಡಿದ. ಕೊನೆಯ ಸುತ್ತಿನಲ್ಲಿ ದವಡೆಗೆ ನಿಜವಾದ ಏಟು ತಗುಲಿ, ಎರಡೂ ಕಾಲು ಮೇಲಾಗಿ ಅಂಗಾತ ಬಿದ್ದ. ಮಾಸ್ಟರ್ ಹತ್ತರವರೆಗೂ ಗಟ್ಟಿಯಾಗಿ ಎಣಿಸಿದರು. ಆಮೇಲೆ ಮಂಡಿಯೂರಿ ಕೂತು, ಹೆಗಲ ಟವೆಲಿನಿಂದ ಅವನ ಮುಖ ಒರೆಸಿದರು. ಅವನು ಕಣ್ಣು ಬಿಟ್ಟಾಗ ಅವರ ಕಣ್ಣು ತುಂಬಿತ್ತು.

"ಈಗ ಬಿದ್ದೆ ನೋಡು, ಮಗಾ" ಎಂದರು.