ನೀರಡಿಕೆಯ ಮಾತು

ಶುಭ ಶುಕ್ರವಾರ ನಮ್ಮ ಬನಹಟ್ಟಿಯ ಚರ್ಚಿನಲ್ಲಿ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲೆ ಯೇಸುಸ್ವಾಮಿ ಆಡಿದ ಏಳು ಮಾತುಗಳನ್ನು ಏಳು ಜನ ಒಬ್ಬೊಬ್ಬರಾಗಿ ಎದ್ದು ಬಿಡಿಸಿ ಹೇಳುತ್ತಾರೆ. ಐದನೆಯದು “ನನಗೆ ನೀರಡಿಕೆಯಾಗಿದೆ” ಎಂಬ ಮಾತು. ಅದು ನನ್ನದು. ನಾನು ಬೀಳಗಿಯ ಹೈಸ್ಕೂಲಿನಲ್ಲಿ ನೌಕರಿಗೆ ಸೇರಿದ ವರ್ಷ ಅಪ್ಪ ಅದನ್ನು ಮಗಳಾದ ನನಗೆ ಬಿಟ್ಟುಕೊಟ್ಟ. ಅಲ್ಲಿಯವರೆಗೆ ಅವನೇ ಹೇಳುತ್ತಿದ್ದ. ಅಪ್ಪ ಸಭೆಯ ಹಿರಿಯ. ಯಾರಿಗೆ ಯಾವ ಮಾತು ಎಂದು ಹಂಚುವವನೂ ಅವನೇ. ಉಳಿದ ಮಾತುಗಳು ವರ್ಷವರ್ಷ ಕೈ ಬದಲಾಯಿಸುತ್ತಿದ್ದವು, ಐದನೆಯದು ಮಾತ್ರ ನಮ್ಮ ಮನೆ ಬಿಟ್ಟು ಹೋಗುತ್ತಿರಲಿಲ್ಲ.

ಈ ವರ್ಷವೂ ಮನೆ ಬಿಟ್ಟು ಹೋಗಲಿಲ್ಲ. ನನ್ನನ್ನು ಬಿಟ್ಟು ತಮ್ಮನ ಹೆಂಡತಿಗೆ ಹೋಯಿತು.

ಆಕೆ ಮುಧೋಳದವಳು, ದೈವಶಾಸ್ತ್ರ ಓದಿ ಬಂದವಳು. ಮದುವೆಯಾದ ಮೇಲೆ ಜಮಖಂಡಿಯಲ್ಲಿ ತಮ್ಮನ ಜೊತೆ, ಅಪ್ಪನ ಜೊತೆ ಇರುತ್ತಾಳೆ. ಸುತ್ತು ಹಾಕಿ ಹೇಳುವುದು ನನಗೆ ಬರುವುದಿಲ್ಲ. ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ರಜೆಯ ದಿನ ನಾನು ಹೋದಾಗಲೆಲ್ಲ ಅಪ್ಪ ಆಕೆಯ ಎದುರು ಬೈಬಲ್ ಬಿಚ್ಚಿಕೊಂಡು, ಚಷ್ಮಾ ಹಣೆಗೇರಿಸಿ ಏನೋ ಕೇಳುತ್ತಿರುತ್ತಿದ್ದ. ನನ್ನನ್ನು ಅವನು ಎಂದೂ ಏನನ್ನೂ ಕೇಳಿದವನಲ್ಲ. ಕಲಿಸುತ್ತಿದ್ದ, ಒಪ್ಪಿಸು ಎನ್ನುತ್ತಿದ್ದ, ಅಷ್ಟೇ.

ಅವನು ಕಲಿಸಿದ್ದು ಹಳೆಯ ದಾರಿ, ಮೊದಲ ಶತಮಾನಗಳ ಸಭೆಯ ಹಿರಿಯರು ಹಾಕಿದ್ದು. ಶಾಸ್ತ್ರದ ಪ್ರತಿ ಮಾತಿಗೂ ಹೊರಗೊಂದು ಅರ್ಥ, ಒಳಗೊಂದು ಅರ್ಥ. ಯೆರಿಕೋ ಊರಿನ ಹೆಂಗಸು ಕಿಟಕಿಗೆ ಕಟ್ಟಿದ ಕೆಂಪು ದಾರ ಬರೀ ದಾರವಲ್ಲ, ಕ್ರಿಸ್ತನ ರಕ್ತ. ನೋಹನ ನಾವೆಯ ಕಟ್ಟಿಗೆ ಎಂದರೆ ಶಿಲುಬೆ. ನೇಕಾರರೇ ತುಂಬಿದ ನಮ್ಮ ಸಭೆಗೆ ಆ ದಾರದ ಅರ್ಥ ಬಹಳ ಸೇರುತ್ತಿತ್ತು. ಆಕೆ ಒಂದು ಭಾನುವಾರ ಅದಕ್ಕೇ ಕೈ ಹಾಕಿದಳು.

“ಮಾವಾರ, ಬರದಾಂವ ದಾರ ಅಂದ್ರ ದಾರಾನ ಅಂದಾನ್ರಿ. ಯಾರ ಬರದ್ರು, ಯಾರಿಗೆ ಬರದ್ರು, ಆವಾಗ ಏನ ನಡದಿತ್ತು, ಅದನ್ನ ಮೊದಲ ನೋಡೂಣು. ರಕ್ತದ ಅರ್ಥ ಆಮ್ಯಾಲ ಬಂದದ್ದು.”

ಈಗ ಅಪ್ಪ ಸಿಡಿಯುತ್ತಾನೆ ಎಂದು ಖುಷಿಯಿಂದ ಕಾದೆ. ಕಾಲೇಜಿನ ದಿನಗಳಲ್ಲಿ ನಾನು ಇಂಥದ್ದೇ ಒಂದು ಮಾತೆತ್ತಿದಾಗ ಊಟದ ತಾಟು ಸರಿಸಿ ಎದ್ದು ಹೋಗಿದ್ದ. ಈಕೆಯ ಮಾತಿಗೆ ನಕ್ಕ. “ಹೌದಲ್ಲ! ನನಗ ಹೊಳದ ಇಲ್ಲ ನೋಡ,” ಎಂದ. ನಾನು ಚಹಾ ಮಾಡುವ ನೆಪದಲ್ಲಿ ಒಳಗೆ ಹೋದೆ.

ಶುಕ್ರವಾರ ನನಗೆ ಸಿಕ್ಕಿದ್ದು ಮೊದಲನೆಯ ಮಾತು. ಆ ಹೊತ್ತಿಗೆ ಚಿಮ್ಮಡದ ಹಳ್ಳಿಯಿಂದ ಜನರನ್ನು ತರುವ ಆಟೋಗಳು ಇನ್ನೂ ಬಂದೇ ಇರುವುದಿಲ್ಲ. ಅರ್ಧ ಖಾಲಿ ಬೆಂಚುಗಳಿಗೆ ಕ್ಷಮೆಯ ಬಗ್ಗೆ ಹೇಳಿ, ಯಾರನ್ನೂ ಕ್ಷಮಿಸದೆ ಬಂದು ಅಪ್ಪನ ಪಕ್ಕದಲ್ಲಿ ಕುಳಿತೆ. ಹೊರಗೆ ಮಗ್ಗಗಳು ಎಂದಿನಂತೆ ಬಡಿದುಕೊಳ್ಳುತ್ತಿದ್ದವು. ಬಿಸಿಲು ತಗಡಿನ ಮೇಲೆ ಕುಳಿತಿತ್ತು. ನಮ್ಮಲ್ಲಿ ಆವತ್ತು ಬೆಳಗಿನಿಂದ ಮೂರು ಗಂಟೆಯವರೆಗೆ ಯಾರೂ ನೀರು ಕುಡಿಯುವುದಿಲ್ಲ. ಅದೂ ಅಪ್ಪ ಹಾಕಿದ ರೂಢಿ. ಸ್ವಾಮಿಯ ನೀರಡಿಕೆ ನೀರಿಗಾಗಿ ಅಲ್ಲ, ನಮ್ಮ ಆತ್ಮಗಳಿಗಾಗಿ. ಆದ್ದರಿಂದ ನಾವೂ ಬಾಯಾರಿ ಕೂಡಬೇಕು ಎಂದು. ಅವನಿಗೆ ಸಕ್ಕರೆ ಕಾಯಿಲೆ. ಒಂದು ಗುಟುಕು ಕುಡಿ ಎಂದು ನಾನು ಪ್ರತಿವರ್ಷ ಕಿವಿಯಲ್ಲಿ ಬೇಡುತ್ತೇನೆ, ಅವನು ಕಣ್ಣಲ್ಲೇ ಗದರಿಸುತ್ತಾನೆ.

ಐದನೆಯ ಮಾತಿಗೆ ಆಕೆ ಎದ್ದಳು. ಹಳೆಯ ಅರ್ಥವನ್ನು ಜರೆಯಲಿಲ್ಲ; ಜರೆದಿದ್ದರೆ ನನಗೆ ಅನುಕೂಲವಾಗುತ್ತಿತ್ತು. ಹಿರಿಯರು ಹೇಳಿದ ಆತ್ಮದ ನೀರಡಿಕೆ ಖರೆ, ಅದು ಇರಲಿ ಎಂದಳು. ಆದರೆ ಮೊದಲು ಅಲ್ಲಿದ್ದದ್ದು ಒಂದು ಮೈ. ಬಿಸಿಲು, ಹರಿದುಹೋದ ರಕ್ತ, ಅಂಗುಳಿಗೆ ಅಂಟಿದ ನಾಲಿಗೆ. ದೇವರ ಮಗನಿಗೆ ನಿಜವಾದ ಮೈ ಇರಲಿಲ್ಲ, ತೋರಿಕೆ ಅಷ್ಟೇ ಎನ್ನುವವರು ಆ ಕಾಲದಲ್ಲೇ ಹುಟ್ಟಿಕೊಂಡಿದ್ದರು; ಸುವಾರ್ತೆ ಬರೆದವನು ಈ ಮಾತನ್ನು ಉಳಿಸಿದ್ದು ಅಂಥವರಿಗೆ ಉತ್ತರವಾಗಿಯೂ ಇರಬಹುದು ಎಂದಳು. ಕಡೆಗೆ, “ಸ್ವಾಮಿ ಬೇಡಿದಾ. ಸಿಪಾಯಿಗೋಳು ಹುಳಿರಸ ಎತ್ತಿ ಹಿಡಿದ್ರು. ಒಲ್ಲೆ ಅನಲಿಲ್ಲ,” ಎಂದು ನಿಲ್ಲಿಸಿದಳು.

ಅಪ್ಪ ಕೂತಲ್ಲಿಂದಲೇ ಕೈ ಎತ್ತಿದ. “ಯವ್ವಾ, ನನಗ ಒಂದೀಟ ನೀರ ಕೊಡ.”

ಪಕ್ಕದಲ್ಲಿ ನಾನಿದ್ದೆ. ಕೇಳಿದ್ದು ಆಕೆಯನ್ನು. ಆರಾಧನೆ ಮುಗಿದ ಮೇಲೆ ಕುಡಿಯಲೆಂದು ಬಾಗಿಲಲ್ಲಿ ತುಂಬಿಟ್ಟಿದ್ದ ಮಣ್ಣಿನ ಹರವಿಯಿಂದ ಆಕೆ ತಂಬಿಗೆ ತುಂಬಿ ತಂದಳು. ಅವನು ಎತ್ತಿ ಗಟಗಟ ಕುಡಿದ. ಹಿಂದಿನಿಂದ ಒಬ್ಬ ಮುದುಕಿ ಎದ್ದು ಹರವಿಯ ಕಡೆ ನಡೆದಳು, ಆಮೇಲೆ ಬಸುರಿ ಹೆಂಗಸೊಬ್ಬಳು, ಆಮೇಲೆ ಯಾರು ಯಾರೋ. ಮೂರರವರೆಗೆ ಬಾಯಿ ಒಣಗಿಸಿಕೊಂಡು ಕುಳಿತವಳು ನಾನೊಬ್ಬಳೇ. ಭಕ್ತಿಯಿಂದಲ್ಲ, ಸಿಟ್ಟಿನಿಂದ.

ಮುಗಿದ ಮೇಲೆ ತಮ್ಮ ಕಾರು ತರಲು ಹೋದ. ಆಕೆಯನ್ನು ಹೆಂಗಸರು ಮುತ್ತಿದ್ದರು. ಬೇವಿನ ನೆರಳಲ್ಲಿ ನಾನು ಅಪ್ಪನನ್ನು ಕೇಳಿಯೇಬಿಟ್ಟೆ.

“ಇಷ್ಟ ವರ್ಷ ನಾ ಹೇಳಿದ್ದು ತಪ್ಪೇನಪಾ?”

“ತಪ್ಪ ಯಾಕವಾ? ಒಂದ ಅಕ್ಷರ ಆಕಡೆ ಈಕಡೆ ಮಾಡ್ಲಿಲ್ಲ ನೀ.”

“ಮತ್ತ ಆಕಿಗ್ಯಾಕ ಕೊಟ್ಟಿ?”

ಅವನು ಟಾವೆಲ್ಲಿನಿಂದ ಕುತ್ತಿಗೆ ಒರೆಸಿಕೊಂಡ. “ನೀ ಹೇಳೂದೆಲ್ಲಾ ನಾ ಹೇಳಿಕೊಟ್ಟಿದ್ದ. ನನ್ನ ಮಾತ ನಾನ ಎಷ್ಟ ವರ್ಷ ಕೇಳ್ಲಿ?”

ಬೈದು ಹೇಳಿದ್ದರೆ ತಿರುಗಿ ಏನಾದರೂ ಅನ್ನಬಹುದಿತ್ತು. ಪ್ರೀತಿಯಿಂದಲೇ ಹೇಳಿದ. ಆಕೆ ಆಗಲೇ ಹೆಂಗಸರನ್ನು ಬಿಡಿಸಿಕೊಂಡು ನಮ್ಮ ಹತ್ತಿರ ಬಂದು ನಿಂತಿದ್ದಳು. ದೇವರೇ, ಇದು ಆಕೆಯ ಕಿವಿಗೆ ಬಿದ್ದಿರದಿರಲಿ ಎಂದು ಬೇಡಿಕೊಂಡೆ. ಆವತ್ತು ಇಡೀ ದಿನ ನಾನು ಮನಸ್ಸಿಟ್ಟು ಮಾಡಿದ ಪ್ರಾರ್ಥನೆ ಅದೊಂದೇ.