ಪಕ್ಕದ ಮನೆಯ ಗಾಳಿ

ಮೂಗಿನ ಮೇಲೆ ಪೂರ್ತಿ ಭರವಸೆ ಇಟ್ಟು ಬದುಕುವ ಜನ ನಮ್ಮ ಗುರುವಾಯನಕೆರೆಯಲ್ಲಿ ಕೆಲವರಿದ್ದಾರೆ. ಅವರಲ್ಲಿ ನಾನೂ ಒಬ್ಬ. ಹಾಲು ಒಡೆಯುತ್ತದೆಂದು ಮುಂಚೆಯೇ ಹೇಳಬಲ್ಲೆ. ಯಾರ ಮನೆಯಲ್ಲಿ ಒಣಮೀನು ಸುಡುತ್ತಿದ್ದಾರೆಂದು ಬಸ್ಸಿಳಿಯುವಾಗಲೇ ಹೇಳಬಲ್ಲೆ. ತಪ್ಪಾದದ್ದೂ ಉಂಟು, ಆದರೆ ಹೇಳುವುದನ್ನು ಬಿಟ್ಟದ್ದಿಲ್ಲ.

ಗೋಡೆಗೆ ಗೋಡೆ ತಾಗಿದ ಬಾಡಿಗೆ ಮನೆಯಿಂದ ಹುಳಿಹುಳಿ ಘಾಟು ಬರತೊಡಗಿದಾಗಲೂ ತೀರ್ಪು ಕೊಟ್ಟವನು ನಾನೇ. ರಬ್ಬರ್ ಹಾಲು ಹೆಪ್ಪುಗಟ್ಟಲು ಹಾಕುವ ಆಸಿಡ್ಡಿನ ವಾಸನೆ ನಮ್ಮ ಕಡೆ ಯಾರಿಗೂ ಹೊಸದಲ್ಲ. ಅಲ್ಲಿ ಬಾಡಿಗೆಗಿದ್ದವನು "ಸಣ್ಣ ಬಿಸಿನೆಸ್" ಎಂದ. ಎಂತ ಬಿಸಿನೆಸ್ ಎಂದು ಕೇಳುವುದು ಬಿಟ್ಟು ನಾನೇ, "ರಬ್ಬರಿನದ್ದಲ್ವಾ?" ಎಂದೆ. ಅವನು ನಕ್ಕು ತಲೆಯಾಡಿಸಿದ. ಸುಳ್ಳು ಹೇಳುವ ಶ್ರಮವನ್ನೂ ಅವನಿಗೆ ಕೊಡಲಿಲ್ಲ ನಾನು. ಕೆಲವು ತಿಂಗಳ ನಂತರ ಪೊಲೀಸರು ಬಂದು ಅವನನ್ನು ಕರೆದೊಯ್ದರು. ಒಳಗೆ ಅವನು ಡ್ರಗ್ಸ್ ತಯಾರಿಸುತ್ತಿದ್ದನಂತೆ, ಘಾಟು ಅದರ ರಾಸಾಯನಿಕಗಳದ್ದಂತೆ.

ಮಗಳು ಚೊಚ್ಚಲ ಹೆರಿಗೆಗೆ ಬರುವವಳಿದ್ದಳು. ನಮಗಿರುವುದು ಎರಡೇ ಕೋಣೆ, ಎರಡೂ ಆ ಗೋಡೆಗೇ ತಾಗಿವೆ. ಹಸುಗೂಸನ್ನು ಅಲ್ಲಿ ಮಲಗಿಸಬಹುದೇ ಎಂಬ ಹೆದರಿಕೆಯಲ್ಲಿ ನನ್ನ ಹೆಂಡತಿಗೆ ಊಟ ಸೇರುತ್ತಿರಲಿಲ್ಲ. ಮಂಗಳೂರಿನಿಂದ ಮನೆಯ ಗಾಳಿ ಪರೀಕ್ಷಿಸುವವರನ್ನು ಕರೆಸಿದೆವು. ಹಿಂದಿನ ದಿನದಿಂದ ಕಿಟಕಿ ತೆರೆಯಬೇಡಿ, ಏನನ್ನೂ ಹೊಗೆ ಹಾಕಬೇಡಿ ಎಂದು ಮೊದಲೇ ಹೇಳಿದ್ದರು. ಆದರೆ ಮನೆಗೆ ಜನ ಬರುವಾಗ ಮನೆ ನಾರುತ್ತಿದ್ದರೆ ಮರ್ಯಾದೆ ಎಲ್ಲಿ ಉಳಿಯುತ್ತದೆ? ಇವಳು ಬೆಳಿಗ್ಗೆ ಫಿನಾಯಿಲಿನಲ್ಲಿ ನೆಲ ಒರೆಸಿ, ಮೂಲೆಮೂಲೆಗೆ ಧೂಪ ಹಾಕಿ, ಘಮಘಮಿಸುವ ಮನೆಗೆ ಅವರನ್ನು ಬರಮಾಡಿಕೊಂಡಳು. ಯಂತ್ರದ ಅಂಕಿ ಏರಿದ್ದೇ ಏರಿದ್ದು.

"ಅಕ್ಕ, ಇದ್ರಲ್ಲಿ ಅವನದ್ದೆಷ್ಟು, ನಿಮ್ಮದೆಷ್ಟು ಅಂತ ನಾನು ಹೇಗೆ ಹೇಳುವುದು?" ಎಂದಳು ಪರೀಕ್ಷೆಗೆ ಬಂದ ಹುಡುಗಿ, ಬೇಸರವಿಲ್ಲದೆ.

ಅವಳು ಮತ್ತೊಮ್ಮೆ ಬರುವ ಮುಂಚೆ ನಾವು ಒಗ್ಗರಣೆಯನ್ನೂ ಬಿಟ್ಟು ಗಂಜಿ ಉಪ್ಪಿನಕಾಯಿಯಲ್ಲಿ ದಿನ ಕಳೆದೆವು. ವಾಸನೆಯಿಲ್ಲದ ಮನೆಯಲ್ಲಿ ಕೂತರೆ ಯಾರದೋ ಮನೆಗೆ ನೆಂಟರಾಗಿ ಬಂದ ಹಾಗೆ. ಗಂಧ ಎಂಬುದು ಮಣ್ಣಿನ ಗುಣ ಎಂದು ನಮ್ಮ ಹಳೆಯ ತರ್ಕಶಾಸ್ತ್ರದವರು ಹೇಳುತ್ತಾರೆ. ಗೋಡೆಯೂ ಮಣ್ಣೇ ತಾನೆ. ಹುಡುಗಿ ಈ ಸಲ ಗೋಡೆಯನ್ನೂ ಹತ್ತಿಯಲ್ಲಿ ಒರೆಸಿ ಒಯ್ದಳು. ವಾರ ಕಳೆದು ಫಲಿತಾಂಶ ಬಂತು: ಗಾಳಿ ಪರವಾಗಿಲ್ಲ, ಗೋಡೆ ಆಗದು. ಗಾರೆ ಕೆತ್ತಿ ಹೊಸದಾಗಿ ಬಳಿದು, ಇನ್ನೊಮ್ಮೆ ಪರೀಕ್ಷಿಸುವ ತನಕ ಎಳೆಮಗು ಅಲ್ಲಿ ಬೇಡ. ಹೆರಿಗೆಯ ಒಳಗೆ ಅದೆಲ್ಲ ಮುಗಿಯುವಂತಿರಲಿಲ್ಲ.

ಸಂಜೆ ಮಗಳ ಫೋನ್ ಬಂತು. "ಅಪ್ಪ, ಮನೆ ಸರಿ ಉಂಟಲ್ಲ? ಬರ್ಲಾ?"

"ಉಂಟು, ಬಾ" ಎಂಬುದು ನಾಲಿಗೆಯ ತುದಿಗೇ ಬಂದಿತ್ತು. ತವರಿಗೆ ಬರುವ ಮಗಳಿಗೆ ಬೇರೆ ಉತ್ತರ ಕೊಟ್ಟು ಅಭ್ಯಾಸವಿಲ್ಲ.

"ಇಲ್ಲ ಮಗಾ, ಸರಿ ಇಲ್ಲ. ಹೆರಿಗೆ ನಿನ್ನ ಗಂಡನ ಮನೆಯಲ್ಲೇ ಆಗಲಿ. ಅಮ್ಮನನ್ನು ಕಳಿಸ್ತೇನೆ" ಎಂದೆ.

ಬಾಗಿಲ ಬಳಿ ನಿಂತಿದ್ದ ಇವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಇಷ್ಟು ವರ್ಷದಲ್ಲಿ ನೀವು ಗೊತ್ತಿದ್ದು ಹೇಳಿದ ಮಾತು ಇದೊಂದೇ" ಎಂದಳು.