ನೀರಿಗೆ ಹೋಗದ ಪುಟಗಳು

ಮುಂಬಯಿಯ ಆಫೀಸುಗಳಲ್ಲಿ ಯಾವ ಕಾಗದ ಕಳೆದರೂ ಒಂದು ಸಿದ್ಧ ಉತ್ತರವಿದೆ: ‘ಛಬ್ಬೀಸ್ ಜುಲೈ’, ಜುಲೈ ಇಪ್ಪತ್ತಾರು. ಎರಡು ಸಾವಿರದ ಐದರ ಆ ಮಳೆಯಲ್ಲಿ ನಿಜವಾಗಿ ಮುಳುಗಿದ್ದಕ್ಕಿಂತ, ಆಮೇಲಿನ ಇಪ್ಪತ್ತು ವರ್ಷಗಳಲ್ಲಿ ಬಾಯಿಮಾತಿನಿಂದ ಮುಳುಗಿಸಿದ ಕಾಗದಗಳೇ ಹೆಚ್ಚು. ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಅವತ್ತು ಎಲ್ಲರ ಮನೆಯೊಳಗೂ ನೀರಿತ್ತು.

ವನಮಾಲಾ ಮರುಪ್ರಶ್ನೆ ಹಾಕಿದರು. ಅವರ ಕಥೆ ಅಷ್ಟೇ.

ಮೈಸೂರಿನಿಂದ ಮದುವೆಯಾಗಿ ವಿಲೆ ಪಾರ್ಲೆಗೆ ಬಂದವರು. ಸಾಂತಾಕ್ರೂಜಿನ ವಿಮಾನ ದುರಸ್ತಿ ಕಂಪನಿಯೊಂದರ ದಾಖಲೆ ವಿಭಾಗದಲ್ಲಿ ಮೂವತ್ತೊಂದು ವರ್ಷ ಕೂತರು. ವಿಮಾನ ಹತ್ತಿದ್ದು ಎರಡೇ ಸಲ. ಆದರೆ ಯಾವ ವಿಮಾನ ಎಷ್ಟು ಬಾರಿ ನೆಲಕ್ಕಿಳಿಯಿತು, ಅದರ ಯಾವ ಬಿಡಿಭಾಗ ಎಂದು ಬದಲಾಯಿತು ಎಂಬುದನ್ನು ದುಂಡಗಿನ ಅಕ್ಷರದಲ್ಲಿ ಬರೆದಿಟ್ಟರು. ಇಂಜಿನ್ನಿನೊಳಗೆ ತಿರುಗುವ ಲೋಹದ ಚಕ್ರಕ್ಕೆ, ಅಂದರೆ ಡಿಸ್ಕಿಗೆ, ಇಷ್ಟು ಹಾರಾಟ ಎಂಬ ಆಯಸ್ಸಿದೆ. ಅದು ಮುಗಿದ ಮೇಲೆ ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಅದನ್ನು ತೆಗೆದು ಬಿಸಾಡಬೇಕು. ಹುಟ್ಟಿದಂದಿನಿಂದ ಲೆಕ್ಕವಿಲ್ಲದ ಚಕ್ರವನ್ನು ನಂಬುವಂತಿಲ್ಲ.

ಅವರು ನಿವೃತ್ತರಾಗಲಿದ್ದ ವರ್ಷ ಒಂದು ಹಳೆಯ ವಿಮಾನದ ಒಡೆತನ ಬದಲಾಗುತ್ತಿತ್ತು. ವಿಮಾನಗಳನ್ನು ಓಡಿಸುವವರು ಹೆಚ್ಚಾಗಿ ಅವುಗಳ ಮಾಲೀಕರಲ್ಲ, ಬಾಡಿಗೆದಾರರು. ಬಾಡಿಗೆ ಮನೆಯನ್ನು ಮಾಲೀಕ ಮಾರಿದರೂ ಒಳಗಿನ ಸಂಸಾರ ಅಲ್ಲೇ ಇರುವಂತೆ, ಇಲ್ಲಿಯೂ ಲೀಸು ಹಳೆಯ ಒಡೆಯನಿಂದ ಹೊಸಬನಿಗೆ ದಾಟುತ್ತದೆ. ಮೂವರೂ ಸಹಿ ಹಾಕಬೇಕು. ಸರ್ಕಾರದ ನೋಂದಣಿ ಪುಸ್ತಕದಲ್ಲಿ ಒಡೆಯನ ಹೆಸರು ತಿದ್ದಿಸಬೇಕು. ‘ನಾನು ಬಾಡಿಗೆ ಕೊಡಲು ತಪ್ಪಿದರೆ ವಿಮಾನದ ಹೆಸರನ್ನು ಈ ದೇಶದ ಪುಸ್ತಕದಿಂದ ತೆಗೆಸಿ ಕೊಂಡೊಯ್ಯಬಹುದು’ ಎಂದು ಬಾಡಿಗೆದಾರ ಹೊಸ ಒಡೆಯನಿಗೆ ಅಧಿಕಾರಪತ್ರ ಬರೆದುಕೊಡಬೇಕು. ಆ ಪತ್ರ ಹಿಡಿದು ಒಡೆಯ ಬಂದರೆ ಐದು ಕೆಲಸದ ದಿನಗಳೊಳಗೆ ಕೆಲಸ ಮುಗಿಯಬೇಕೆಂದು ನಿಯಮವಿದೆ. ಒಡೆಯನ ಆಸ್ತಿಗೆ ಅಷ್ಟು ಕಾವಲು! ಒಳಗೆ ಬೆಲ್ಟು ಬಿಗಿದು ಕೂರುವ ನೂರೆಂಬತ್ತು ಜನರಿಗೆ ಇರುವ ಕಾವಲು ವನಮಾಲಾರ ಪುಟಗಳು.

ಆ ಪುಟಗಳೇ ಕಾಣೆಯಾಗಿದ್ದವು. ಇಂಜಿನ್ನಿನ ಒಂದು ಚಕ್ರಕ್ಕೆ ಸಂಬಂಧಿಸಿದ, ಮೊದಲ ಎರಡು ವರ್ಷದ ಪುಟಗಳು.

ಮ್ಯಾನೇಜರ್ ಅನಿಲಕುಮಾರ ಬೆಂಗಳೂರಿನವನು. ಬೆಳಿಗ್ಗೆ ಬಂದು ಒಂದು ಅಫಿಡವಿಟ್ ಮೇಜಿನ ಮೇಲಿಟ್ಟ. “ಮೇಡಂ, ಒಂದು ಸೈನ್. ಐದು ಗಂಟೆಗೆ ಪೇಪರ್ಸ್ ಕ್ಲೋಸ್ ಆಗಬೇಕು. ಹೊಸ ಓನರ್ ಕಡೆಯ ಇನ್‌ಸ್ಪೆಕ್ಟರ್ ಪಕ್ಕದ ರೂಮಲ್ಲೇ ಕೂತಿದ್ದಾರೆ.”

ವನಮಾಲಾ ಕನ್ನಡಕ ಏರಿಸಿ ಓದಿದರು. ‘ಸದರಿ ದಾಖಲೆಗಳು ನನ್ನ ವಶದಲ್ಲಿದ್ದಾಗ 2005ರ ಜುಲೈ 26ರ ಪ್ರವಾಹದಲ್ಲಿ ನಾಶವಾದವು. ಆ ಅವಧಿಯಲ್ಲಿ ವಿಮಾನವು ದಿನಕ್ಕೆ ಸರಾಸರಿ ಎರಡು ಬಾರಿ ಇಳಿಯುತ್ತಿತ್ತೆಂದು ದೃಢೀಕರಿಸುತ್ತೇನೆ.’

“ನನ್ನ ವಶದಲ್ಲಿ?” ಎಂದರು.

“ಫಾರ್ಮಾಲಿಟಿ ಮೇಡಂ. ಫ್ಲಡ್ ಅಂದರೆ ಯಾರ ತಪ್ಪೂ ಅಲ್ಲ, ಅವರೂ ಅಂದಾಜು ಲೆಕ್ಕ ಒಪ್ಕೋತಾರೆ. ಮದುವೆ ಟೈಮಲ್ಲಿ ಜಾತಕ ಕಳೆದುಹೋದ್ರೆ ಹೊಸದು ಬರೆಸಲ್ವಾ?”

“ಬರೆಸ್ತಾರೆ. ಹುಡುಗಿ ವಯಸ್ಸು ನಾಲ್ಕು ವರ್ಷ ಇಳಿಸಿ ಬರೆಸ್ತಾರೆ. ಅದಕ್ಕೇ ಕೇಳ್ತಿದೀನಿ ಅನಿಲ್, ಈ ಎರಡು ಎಲ್ಲಿಂದ ಬಂತು? ಆಗ ಅದು ಮುಂಬಯಿ, ಗೋವಾ, ಮಂಗಳೂರು ಅಂತ ಬಸ್ಸಿನ ಹಾಗೆ ಓಡ್ತಿತ್ತು. ದಿನಕ್ಕೆ ಆರು ಸಲ ಇಳಿದದ್ದು.”

“ಆರು ಅಂತ ಬರೆದ್ರೆ ಆ ಡಿಸ್ಕಿನ ಆಯಸ್ಸು ಮುಗೀತು, ಇವತ್ತೇ ಹೊರಗೆ! ಇಂಜಿನ್ ಬಿಚ್ಚಬೇಕು. ಟ್ರಾನ್ಸ್‌ಫರ್ ನಿಲ್ಲತ್ತೆ. ಇನ್ನು ಎರಡು ತಿಂಗಳಿಗೆ ರಿಟೈರ್ ಆಗೋರು ನೀವು, ಯಾಕೆ ಬೇಕು ಟೆನ್ಷನ್?”

ಟೀ ತಂದಿಟ್ಟ ಕ್ಯಾಂಟೀನಿನ ಪೂವಪ್ಪ ಬಾಗಿಲಲ್ಲೇ ನಿಂತಿದ್ದ. ಪುತ್ತೂರು ಕಡೆಯವನು, ವನಮಾಲಾರಷ್ಟೇ ಹಳಬ. “ಎಂಥದು ಅಕ್ಕ, ನೀರಿಗೆ ಹೋಯ್ತಂತಾ? ಹಾಗಾದ್ರೆ ಅವತ್ತು ನಾನು ತಲೆಮೇಲೆ ಹೊತ್ತು ಮೂರನೇ ಮಾಳಿಗೆಗೆ ಹತ್ತಿಸಿದ್ದು ಎಂಥ, ಬೊಂಡದ ಗೊನೆಯಾ?”

“ನೀನು ಹೋಗು ಪೂವಪ್ಪ,” ಎಂದ ಅನಿಲಕುಮಾರ.

“ಹೋಗ್ತೇನೆ ಮಾರಾಯ್ರೇ. ನೀವು ಆಗ ಹಾಫ್ ಚಡ್ಡಿಯಲ್ಲಿದ್ರಿ, ನಿಮಗೆ ಗೊತ್ತಿರುದಿಲ್ಲ.”

ವನಮಾಲಾರಿಗೆ ನಗು ಬರಲಿಲ್ಲ. ಅವತ್ತು ನೀರು ಸೊಂಟದವರೆಗೆ ಬಂದಿತ್ತು. ಮನೆಯಲ್ಲಿ ಆರು ವರ್ಷದ ಮಗಳು ಧಾತ್ರಿ ಒಬ್ಬಳೇ ಇದ್ದಾಳೆಂದು ಗೊತ್ತಿದ್ದೂ, ನಲವತ್ತೆರಡು ಪೆಟ್ಟಿಗೆಗಳು ಮೇಲೆ ಸೇರುವ ತನಕ ಅವರು ಅಲ್ಲಿಂದ ಕದಲಿರಲಿಲ್ಲ. ಮಗಳು ಪಕ್ಕದ ಮನೆಯವರ ಮಂಚದ ಮೇಲೆ ಅತ್ತು ಅತ್ತು ಮಲಗಿದ್ದಳು. ಆ ತಪ್ಪನ್ನು ಇಪ್ಪತ್ತು ವರ್ಷ ಒಳಗೇ ಹೊತ್ತಿದ್ದರು, ಪುಟಗಳು ಉಳಿದವಲ್ಲ ಎಂಬ ಒಂದೇ ಸಮಾಧಾನದಲ್ಲಿ. ಈಗ ಈ ಹುಡುಗ, ಉಳಿಸಿದವಳ ಕೈಯಲ್ಲೇ ‘ಉಳಿಯಲಿಲ್ಲ’ ಎಂದು ಬರೆಸಲು ಬಂದಿದ್ದಾನೆ. ಅದೂ ಹಾರುವ ಯಂತ್ರವೊಂದರ ಹೊಟ್ಟೆಯಲ್ಲಿ ಸುಳ್ಳೊಂದನ್ನು ಇಟ್ಟು.

“ಎರಡು ಸಾವಿರದ ಹನ್ನೊಂದರಲ್ಲಿ ಇದೇ ವಿಮಾನದ ಲೀಸು ದಾಟಿತ್ತು,” ಎಂದರು. “ಆಗ ಈ ಪುಟಗಳನ್ನು ನಾನೇ ತೋರಿಸಿದ್ದೆ. ಮಳೆ ಮುಗಿದು ಆರು ವರ್ಷದ ಮೇಲೆ! ಆಮೇಲೆ ಈ ಕೋಣೆ ನಿಮಗೆ ಮೀಟಿಂಗಿಗೆ ಬೇಕಾಯಿತು. ಪೆಟ್ಟಿಗೆಗಳನ್ನು ಎಣಿಸದೆ, ಪಟ್ಟಿ ಮಾಡದೆ, ಟೆಂಪೋದಲ್ಲಿ ಮಲಾಡಿನ ಗೋಡೌನಿಗೆ ಎಸೆದಿರಿ. ಬೇಡ ಅಂತ ಮೂರು ಪತ್ರ ಬರೆದೆ. ಒಂದಕ್ಕಾದರೂ ಉತ್ತರ ಕೊಟ್ಟಿರಾ?”

ಅನಿಲಕುಮಾರ ವಾಚು ನೋಡಿದ.

ವನಮಾಲಾ ಅಫಿಡವಿಟ್ ಮಗುಚಿ, ಹಿಂಬದಿಯಲ್ಲಿ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದರು: ಪ್ರವಾಹದಲ್ಲಿ ಈ ಪುಟಗಳು ಒದ್ದೆಯೂ ಆಗಲಿಲ್ಲ. ಈಗ ಎಲ್ಲಿವೆ ಎಂದು ಯಾರಿಗೂ ಗೊತ್ತಿಲ್ಲ. ಆ ವರ್ಷಗಳಲ್ಲಿ ವಿಮಾನ ದಿನಕ್ಕೆ ಆರು ಬಾರಿ ಇಳಿಯುತ್ತಿತ್ತು. ಈ ಚಕ್ರವನ್ನು ನಂಬಬೇಡಿ. ಸಹಿ ಹಾಕಿ, ಅವನು ಕೈ ಚಾಚುವ ಮೊದಲೇ ಎದ್ದು ಪಕ್ಕದ ಕೋಣೆಗೆ ನಡೆದರು.

ಇನ್‌ಸ್ಪೆಕ್ಟರ್ ಓದಿದರು. “ಆರು? ಖಚಿತವೇ?” ಎಂದಷ್ಟೇ ಕೇಳಿದರು. ವನಮಾಲಾ ಹೌದೆಂದರು. ಪಟ್ಟಿಯಲ್ಲಿದ್ದ ಚಕ್ರದ ನಂಬರಿನ ಸುತ್ತ ಇನ್‌ಸ್ಪೆಕ್ಟರ್ ಕೆಂಪು ಗೆರೆ ಎಳೆದರು.

ಸಂಜೆ ಐದಕ್ಕೆ ಯಾವ ಕಾಗದಕ್ಕೂ ಸಹಿ ಬೀಳಲಿಲ್ಲ. ಚಕ್ರ ಬದಲಾಗಿ ನೋಂದಣಿ ಮುಗಿಯಲು ಏಳು ವಾರ ಹಿಡಿಯಿತು. ಆ ಏಳು ವಾರದ ಸಿಟ್ಟನ್ನು ಕಂಪನಿ ಚಕ್ರದ ಮೇಲೆ ತೀರಿಸಿಕೊಳ್ಳಲು ಸಾಧ್ಯವಿರಲಿಲ್ಲ. ಸೋಮವಾರದಿಂದ ವನಮಾಲಾ ಮಲಾಡಿನ ಗೋಡೌನಿನಲ್ಲಿ ಕೂರಬೇಕೆಂದು ಮರುದಿನವೇ ಆರ್ಡರ್ ಬಂತು. ಫ್ಯಾನಿಲ್ಲ, ಕುರ್ಚಿಯಿಲ್ಲ.

“ಹೇಳಿದ್ದೆನಲ್ಲ ಮೇಡಂ,” ಎಂದ ಅನಿಲಕುಮಾರ.

“ಹೇಳಿದ್ದಿರಿ. ಕೀಲಿ ಕೊಡಿ.”

ಸೋಮವಾರ ಲೋಕಲ್ ರೈಲು ಹಿಡಿದು ಹೋಗಿ ಶಟರ್ ಎತ್ತಿಸಿದರು. ಛಾವಣಿಯವರೆಗೆ ಹೆಸರಿಲ್ಲದ ಪೆಟ್ಟಿಗೆಗಳು. ಎಷ್ಟು ವಿಮಾನಗಳ ಎಷ್ಟು ವರ್ಷಗಳೋ! ನೋಡುತ್ತ ನಿಂತವರಿಗೆ ಮತ್ತೆ ರಕ್ತ ಕುದಿಯಿತು. ಸೆರಗು ಸಿಕ್ಕಿಸಿ, ಮೊದಲ ಪೆಟ್ಟಿಗೆಯ ಮುಚ್ಚಳ ತೆಗೆದರು. ಪುಟಗಳ ಅಂಚುಗಳೆಲ್ಲ ಪುಡಿಯಾಗಿದ್ದವು. ಹೊಸ ರಿಜಿಸ್ಟರಿನಲ್ಲಿ ತಾರೀಕು ಹಾಕಿ, ಒಂದು ಎಂದು ನಂಬರು ಕೊಟ್ಟು, ಹಾನಿಯ ಕಾರಣ ಎಂಬ ಅಂಕಣದಲ್ಲಿ ಒತ್ತಿ ಬರೆದರು: ಗೆದ್ದಲು. ನೀರಲ್ಲ.